ಕಪ್ಪು ಕಣ್ಣಿನ ಮರಿ

ಗಂಡಿನ ಸೋಂಕೇ ಇಲ್ಲದ ಮೊಟ್ಟೆಯಿಂದ ಜೀವ ತೆಗೆಯುತ್ತೇನೆ ಎಂದರೆ ಊರಲ್ಲಿ ಯಾರು ನಂಬುತ್ತಾರೆ? ಅಕ್ಕೂರಿನ ರಾಧಾಮಣಿ ಆ ಕೆಲಸ ಮಾಡುತ್ತಲೇ ನಲವತ್ತು ದಾಟಿದಳು. ಮದುವೆ ಬರೀ ಮಾತಿನಲ್ಲೇ ಉಳಿಯಿತು. ಹಗಲೆಲ್ಲ ಬಿಡದಿಯಾಚೆಯ ಪ್ರಯೋಗಾಲಯದ ಇಲಿಗಳ ಜೊತೆ, ರಾತ್ರಿಯಾದರೆ ರಾಮನಗರದ ಬಾಡಿಗೆ ಕೋಣೆ.

ಕಪ್ಪು ಹೆಣ್ಣಿಲಿಯ ಮೊಟ್ಟೆಯನ್ನು ಒಂದು ದ್ರಾವಣದಲ್ಲಿಟ್ಟರೆ ಅದು ಮೋಸಹೋಗುತ್ತದೆ. ಗಂಡು ಬಂದು ಹೋಯಿತೆಂದುಕೊಂಡು ಎರಡಾಗಿ, ನಾಲ್ಕಾಗಿ ಒಡೆಯುತ್ತದೆ, ಭ್ರೂಣದ ವೇಷ ಹಾಕುತ್ತದೆ. ಅದರ ಒಳಗಿನಿಂದ ತೆಗೆದ ಕಾಂಡಕೋಶಗಳು ಗಾಜಿನ ತಟ್ಟೆಯಲ್ಲಿ ವರ್ಷಗಟ್ಟಲೆ ಬಾಳುತ್ತವೆ, ಮಿಡಿಯುವ ಹೃದಯದ ತುಣುಕೂ ಆಗುತ್ತವೆ. ಆದರೆ ಆ ಭ್ರೂಣವನ್ನೇ ಹಾಗೇ ಗರ್ಭಕ್ಕೆ ಬಿಟ್ಟರೆ ಉಳಿಯದು. ತಾಯಿಯಿಂದ ಅನ್ನ ತರುವ ಮಾಸು ಸರಿಯಾಗಿ ಬೆಳೆಯಲು ತಂದೆಯ ಪಾಲೂ ಬೇಕು. ಅದಕ್ಕೇ ರಾಧಾಮಣಿ ಆ ಕೋಶಗಳನ್ನು ಬಿಳಿ ಇಲಿಯ ಮಾಮೂಲಿ ಭ್ರೂಣಗಳೊಳಗೆ ಸೇರಿಸಿ, ಮತ್ತೊಂದು ಬಿಳಿ ಇಲಿಯ ಗರ್ಭದಲ್ಲಿಟ್ಟಿದ್ದಳು. ಹುಟ್ಟುವ ಮರಿಗಳಲ್ಲಿ ಒಂದಕ್ಕಾದರೂ ಕಪ್ಪು ಕಣ್ಣಿದ್ದರೆ ಕಪ್ಪು ಇಲಿಯ ಕೋಶ ಅದರಲ್ಲಿ ಬದುಕಿದೆಯೆಂದು ಅರ್ಥ, ಗೆದ್ದಂತೆ. ಎಲ್ಲಕ್ಕೂ ಕೆಂಪು ಕಣ್ಣೇ ಆದರೆ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು.

ಈ ಚಿಂತೆಯಲ್ಲೇ ಅವಳು ಭಾನುವಾರ ಊರಿಗೆ ಹೋಗಿಬಂದಿದ್ದಳು. ಅಲ್ಲಿ ಅಣ್ಣ ದೇವರಾಜು ರೇಷ್ಮೆ ಸಾಕುತ್ತಾನೆ. ಈಗೆಲ್ಲ ಬೆಳೆದ ಹುಳ ತರುವವರೇ ಹೆಚ್ಚು, ಅವನ ಮನೆಯಲ್ಲಿ ಮಾತ್ರ ಈಗಲೂ ಮೊಟ್ಟೆಯಿಂದಲೇ ಶುರು. ಆಗತಾನೇ ಮೊಟ್ಟೆಯೊಡೆದು ಹುಳ ಹೊರಬಂದಿದ್ದವು. ರಾಧಾಮಣಿ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪನ್ನು ಹಿಡಿಯಲ್ಲಿ ತೆಗೆದು ಉದುರಿಸಿಯೇಬಿಟ್ಟಳು. ಮೊದಲ ಸೊಪ್ಪು ಮಕ್ಕಳನ್ನು ಹೆತ್ತವಳ ಕೈಯಿಂದಲೇ ಬೀಳಬೇಕೆಂಬುದು ಆ ಮನೆಯ ಪದ್ಧತಿ. ಅಷ್ಟೆಲ್ಲ ಓದಿದವಳಿಗೆ ಅದೊಂದು ಮರೆತುಹೋಗಿತ್ತು.

ಅತ್ತಿಗೆ ಅಂಕಮ್ಮ ಕೋಳಿಗರಿಯಿಂದ ಆ ಸೊಪ್ಪನ್ನು ಮೆಲ್ಲಗೆ ಸರಿಸಿ ತೆಗೆದಳು.

"ಬುಡು ರಾಧಾ, ನಿಂಗ್ಯಾಕೆ ಈ ಉಸಾಬರಿ" ಎಂದಳು. ಕೋಪದಿಂದೇನಲ್ಲ. ಕೋಪವಾದರೂ ಇದ್ದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು.

ಬಾಗಿಲಲ್ಲಿ ನಿಂತಿದ್ದ ಅವ್ವ ಬೋರಮ್ಮ ಎಲ್ಲ ನೋಡಿಯೂ ತುಟಿಪಿಟಕ್ಕೆನ್ನಲಿಲ್ಲ. ಅತ್ತಿಗೆಯ ಗರಿಗಿಂತ ಅವ್ವನ ಮೌನವೇ ರಾಧಾಮಣಿಯನ್ನು ಹೆಚ್ಚು ನೋಯಿಸಿತು. ಊಟ ಮಾಡದೆ ಬಸ್ಸು ಹತ್ತಿದಳು.

ಬುಧವಾರ ಬಿಳಿ ಇಲಿ ಮರಿ ಹಾಕಿತು. ಅಂದು ರಜೆ, ಪ್ರಯೋಗಾಲಯದಲ್ಲಿ ಅವಳೊಬ್ಬಳೇ. ಹಸಿಬಾಣಂತಿ ಇಲಿಯ ಪೆಟ್ಟಿಗೆ ತೆರೆಯಬಾರದು, ಬೆದರಿದರೆ ಮರಿಗಳನ್ನೇ ತಿಂದುಬಿಡುತ್ತದೆ. ಹೊರಗಿನಿಂದಲೇ ಬಗ್ಗಿ ನೋಡುತ್ತ ಕೂತಳು. ತಾಯಿ ಪಕ್ಕಕ್ಕೆ ಸರಿದಾಗ ಕಂಡಿತು. ತಿಳಿಗೆಂಪು ಮರಿಗಳ ನಡುವೆ ಒಂದರ ಮುಚ್ಚಿದ ರೆಪ್ಪೆಯ ಅಡಿಯಲ್ಲಿ ಕಪ್ಪು ಚುಕ್ಕೆ.

ಹೇಳಿಕೊಳ್ಳಲು ಯಾರಿದ್ದಾರೆ? ಕೈಗವಸು ಕಳಚಿಟ್ಟು ಅವ್ವನಿಗೇ ಫೋನು ಮಾಡಿದಳು.

"ಅವ್ವ, ಮರಿ ಹಾಕೈತೆ. ಒಂದರ ಕಣ್ಣು ಕಪ್ಪಗೈತೆ."

"ಅದೇಯಾ, ಗಂಡಿಲ್ದೆ ಹುಟ್ಟಿದ್ದು?"

"ಪೂರಾ ಅಲ್ಲ. ಒಸಿ ಅದು, ಮಿಕ್ಕಿದ್ದು ಬೇರೇದು. ಒಂಟಿಯಾಗಿ ಬುಟ್ಟಿದ್ರೆ ಸತ್ತೋಗ್ತಿತ್ತು ಕಣವ್ವ. ಬೇರೆಯವರ ಜೊತೆ ಸೇರಿಸಿದ್ಕೆ ಉಳ್ಕಂತು."

ಬೋರಮ್ಮ ಕೇಳಿದಳು. "ಹೆತ್ತೋಳು ಅದುನ್ನೂ ಸೇರಿಸ್ಕಂಡ್ಲಾ?"

ರಾಧಾಮಣಿ ಮತ್ತೆ ಬಗ್ಗಿ ನೋಡಿದಳು. "ಸೇರಿಸ್ಕಂಡವ್ಳೆ. ಎಲ್ಲಾ ಮರಿ ನೆಕ್ಕಿದಂಗೇ ಅದುನ್ನೂ ನೆಕ್ತಾವ್ಳೆ."

"ಇಲಿಗೆ ಅದೆಲ್ಲ ಏನ್ ಗೊತ್ತಾಯ್ತದೆ ಬುಡು." ಅವ್ವ ದನಿ ತಗ್ಗಿಸಿದಳು. "ಮಗಾ, ಮೊನ್ನೆ ನಾನು..."

ಆಚೆಯಿಂದ ಅತ್ತಿಗೆಯ ದನಿ ಕೇಳಿಸಿತು.

"ಅಂಕಮ್ಮ ಕರೀತಾವ್ಳೆ. ಹುಳ ಪೊರೆ ಬುಡಕ್ಕೆ ಜ್ವರಕ್ಕೆ ಕೂತವೆ, ಇಡ್ತೀನಿ" ಎಂದು ಬೋರಮ್ಮ ಫೋನು ಇಟ್ಟಳು.

ಆ ಮಾತು ಮುಂದುವರಿದೀತೆಂದು ರಾಧಾಮಣಿ ಫೋನನ್ನು ಇನ್ನೂ ಕಿವಿಗೇ ಹಿಡಿದಿದ್ದಳು. ಗೆದ್ದ ದಿನವೇ ಅವಳಿಗೆ ಅಳು ಬಂತು. ಪೆಟ್ಟಿಗೆಯೊಳಗೆ ಬಿಳಿ ಇಲಿ ಕಪ್ಪು ಕಣ್ಣಿನ ಮರಿಯನ್ನು ಹೊಟ್ಟೆಯಡಿಗೆ ಎಳೆದುಕೊಂಡು ಹಾಲು ಕೊಡುತ್ತಿತ್ತು.