ಗಾಳಿಯಣ್ಣ ಗಾಳಿ ಇಳಿಸಿದ ದಿನ

ಮನೆಗೆ ಏನಾದರೂ ದೊಡ್ಡ ಸಾಮಾನು ಬಂದರೆ ಮೊದಲ ಜಗಳ ಅದನ್ನು ಎಲ್ಲಿಡಬೇಕು ಅನ್ನುವುದಕ್ಕೆ. ಗಾಳಿಯಣ್ಣನ ಮನೆಯಲ್ಲಿ ಜಗಳ ಅಲ್ಲಿಗೆ ನಿಲ್ಲಲಿಲ್ಲ. ಇಟ್ಟುಕೊಳ್ಳಬೇಕೋ ಮಾರಬೇಕೋ ಅನ್ನುವವರೆಗೆ ಬಂದಿತ್ತು.

ಸಾಮಾನು ಅಂದರೆ ಒಂದು ಮೋಟಾರ್ ಸೈಕಲ್. ಬರೀ ಮೋಟಾರ್ ಸೈಕಲ್ ಅಂದರೆ ಅದಕ್ಕೆ ಅವಮಾನವಾದೀತು. ಎದೆಮಟ್ಟದ ಸೀಟು, ಕೊಕ್ಕಿನಂಥ ಮಡ್‌ಗಾರ್ಡ್, ತಬ್ಬಿದರೂ ತೋಳಿಗೆ ಸಿಗದಷ್ಟು ದಪ್ಪನೆಯ ಟ್ಯಾಂಕ್. ಟಾರು ರಸ್ತೆ ಮುಗಿದ ಮೇಲೂ ಮಣ್ಣು, ಜಲ್ಲಿ, ಮರಳಿನ ಮೇಲೆ ಓಡಲೆಂದೇ ಮಾಡಿದ್ದು. ಅಡ್ವೆಂಚರ್ ಬೈಕ್ ಅನ್ನುತ್ತಾರೆ. ಗಾಳಿಯಣ್ಣನ ಟೈರ್ ಅಂಗಡಿಯಲ್ಲಿ, ಹಳೆಯ ಟೈರ್‌ಗಳ ಎರಡು ರಾಶಿಗಳ ನಡುವೆ, ವಿಳಾಸ ತಪ್ಪಿ ಬಂದ ಕುದುರೆಯ ಹಾಗೆ ನಿಂತಿತ್ತು.

ಅದನ್ನು ಕೊಂಡದ್ದು ಗಾಳಿಯಣ್ಣನಲ್ಲ, ಅವನ ಹೆಂಡತಿ. ಅವಳು ಶಾಲೆಯ ವ್ಯಾನ್ ಓಡಿಸುತ್ತಾಳೆ. ಮಕ್ಕಳ ಬಾಯಲ್ಲಿ ಅವಳು ವ್ಯಾನಕ್ಕ. ಮಣ್ಣಿನ ದಾರಿಯಲ್ಲಿ ನಡೆಯುವ ಮುಂದಿನ ಸಲದ ಬೈಕ್ ರ‍್ಯಾಲಿಯಲ್ಲಿ, ಹೊಸಬರಿಗೆಂದೇ ಇರುವ ವಿಭಾಗದಲ್ಲಿ, ಒಮ್ಮೆ ಓಡಿಸಬೇಕು ಅನ್ನುವುದು ಅವಳ ಆಸೆ.

"ದಿನಾ ವ್ಯಾನ್ ಓಡಿಸ್ತೀಯಲ್ಲ, ಸಾಲದಾ?" ಅಂದ ಗಾಳಿಯಣ್ಣ.

"ದಿನಾ ಅದೇ ಗೇಟಿಂದ ಅದೇ ಗೇಟಿಗೆ ರೀ. ಒಂದ್ಸಲನಾದ್ರೂ ಗೇಟೇ ಇಲ್ಲದ ಕಡೆ ಹೋಗ್ಬೇಕು ಅನ್ಸತ್ತೆ."

"ಸೀಟಿನ ಮೇಲೆ ಕೂತ್ರೆ ನಿನ್ನ ಕಾಲು ನೆಲಕ್ಕೆ ತಾಗಲ್ಲ."

"ತುದಿಬೆರಳು ತಾಗತ್ತೆ."

"ತುದಿಬೆರಳಂತೆ! ಬಿದ್ರೆ?"

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅವನ ತಾಯಿ ಕನ್ನಡಕದ ಮೇಲಿನಿಂದ ನೋಡಿದಳು. "ಸುಮ್ನಿರೋ. ಚಿಕ್ಕವನಿದ್ದಾಗ ಸೈಕಲಿಂದ ಬಿದ್ದು ಒಂದು ವಾರ ಸೈಕಲ್ ಜತೆ ಮಾತು ಬಿಟ್ಟವನು ನೀನು. ಅವಳೂ ಹಾಗೇನಾ?"

ಗಾಳಿಯಣ್ಣನ ಭಯ ಸುಳ್ಳಲ್ಲ. ಅವನ ಅಂಗಡಿಗೆ ಸೊಟ್ಟಗಾದ ಚಕ್ರಗಳು ಬರುತ್ತವೆ. ಚಕ್ರದ ಜತೆಗೆ, ಕೈಗೆ ಪಟ್ಟಿ ಕಟ್ಟಿಕೊಂಡವರು, ಕುಂಟುವವರು ಬರುತ್ತಾರೆ. ಪ್ರತಿ ಸಲ ಅವನಿಗೆ ಕಾಣುವುದು ಅವರ ಮುಖವಲ್ಲ, ಹೆಂಡತಿಯ ಮುಖ. ಅದನ್ನು ಬಾಯಿಬಿಟ್ಟು ಹೇಳಲು ಬಾರದೆ ತಮಾಷೆ ಮಾಡುತ್ತಿದ್ದ. ವ್ಯಾನಕ್ಕ ಕಲಿಯಲು ಹೊರಟಿದ್ದು ಒಬ್ಬ ಹಲ್ಲಿನ ಡಾಕ್ಟರಮ್ಮನ ಹತ್ತಿರ. ಆಕೆ ಮೂವತ್ತು ವರ್ಷದಿಂದ ಮಣ್ಣಿನ ದಾರಿಯಲ್ಲಿ ಬೈಕ್ ಓಡಿಸಿದವರು. ಭಾನುವಾರ ಬಂದರೆ ಹೊಸಬರಿಗೆ ಪಾಠ ಮಾಡುತ್ತಾರೆ. ತಮಾಷೆಗೆ ಅಷ್ಟು ಸಾಕಾಯಿತು.

"ವಾರವೆಲ್ಲ ಹಲ್ಲು ಕಟ್ತಾರೆ, ಭಾನುವಾರ ಉದುರಿಸೋದು ಹೇಳಿಕೊಡ್ತಾರೆ. ಗಿರಾಕಿಗೆ ಬರವೇ ಇಲ್ಲ!" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಒಂದು ದಿನ ಹಾಗೆ ಹೇಳಿ ತಿರುಗಿದರೆ, ಪಂಕ್ಚರ್ ಆದ ಸ್ಕೂಟರ್ ಹಿಡಿದುಕೊಂಡು ಡಾಕ್ಟರಮ್ಮನೇ ನಿಂತಿದ್ದರು.

"ಹಲ್ಲು ಉದುರಿಸ್ಕೊಂಡು ಬರೋರು ಕಲಿಯದೇ ಹೋದವರು ಗಾಳಿಯಣ್ಣ," ಅಂದರು ನಗುತ್ತಾ. "ಕಲಿತವರಿಂದ ನನಗೆ ಭಾರಿ ನಷ್ಟ. ಭಾನುವಾರ ನೀವೂ ಬನ್ನಿ. ಬೆಳಿಗ್ಗೆಯಿಂದ ಸಂಜೆವರೆಗೆ ನೋಡಿ."

"ನೋಡಿದ ಮೇಲೂ ಬೇಡ ಅನ್ಸಿದ್ರೆ?"

ಡಾಕ್ಟರಮ್ಮ ಉತ್ತರ ಕೊಡುವ ಮೊದಲೇ ವ್ಯಾನಕ್ಕ ಹೇಳಿದಳು. "ಅವತ್ತೇ ಸಂಜೆ ಮಾರಿಬಿಡ್ತೀನಿ. ಪಕ್ಕದ ಬೇಕರಿಯವರು ಹೇಗೂ ಇದನ್ನ ಕೇಳ್ತಾನೇ ಇದ್ದಾರೆ. ಮಾತು ಅಂದ್ರೆ ಮಾತು."

ಹೇಳುವಾಗ ಅವಳ ಕೈ ಬೈಕಿನ ಸೀಟಿನ ಮೇಲಿತ್ತು. ಗಾಳಿಯಣ್ಣ ಅದನ್ನು ನೋಡಿಯೂ ನೋಡದವನ ಹಾಗೆ ಟ್ಯೂಬನ್ನು ನೀರಲ್ಲಿ ಅದ್ದಿದ.

ಭಾನುವಾರ ಬಂತು. ಪಾಠ ಊರಾಚೆಯ ಹಳೆಯ ಇಟ್ಟಿಗೆ ಕಾರ್ಖಾನೆಯ ಬಯಲಿನಲ್ಲಿ. ಒಂದು ಕಡೆ ಗಟ್ಟಿ ಮಣ್ಣು, ಒಂದು ಕಡೆ ಒಡೆದ ಇಟ್ಟಿಗೆ ಚೂರು, ಕೊನೆಯಲ್ಲಿ ಕಾಲು ಹೂತುಹೋಗುವ ಮರಳು. ವ್ಯಾನಕ್ಕ ಬೈಕಿನಲ್ಲಿ ಮುಂದೆ ಬಂದಳು. ಗಾಳಿಯಣ್ಣ ತನ್ನ ಗೂಡ್ಸ್ ಆಟೋದಲ್ಲಿ ಗಾಳಿ ಯಂತ್ರ ಹೇರಿಕೊಂಡು ಹಿಂದೆ ಬಂದ. ಅದಿಲ್ಲದೆ ಮನೆಯಿಂದ ಹೊರಟರೆ ಅವನಿಗೆ ಚಪ್ಪಲಿ ಮರೆತ ಹಾಗಾಗುತ್ತದೆ. ಅವನು ದಾರಿಯಲ್ಲಿ ಚಹಾ ಕುಡಿದು ಬಯಲು ಸೇರುವಷ್ಟರಲ್ಲಿ ಸ್ವಲ್ಪ ತಡವಾಗಿತ್ತು.

ಡಾಕ್ಟರಮ್ಮ ಆಗಲೇ ಎಲ್ಲರ ಮೈ ತಡವಿ ನೋಡುತ್ತಿದ್ದರು. ಹೆಲ್ಮೆಟ್ ಬಿಗಿಯಾಗಿದೆಯೇ, ಕೈಗವಸು ಇದೆಯೇ, ಮೊಣಕೈ ಮೊಣಕಾಲಿಗೆ ಗಾರ್ಡ್ ಹಾಕಿದ್ದಾರೆಯೇ, ಬೂಟು ಕಣಕಾಲು ಮುಚ್ಚುತ್ತದೆಯೇ. ದಪ್ಪ ಮೀಸೆಯವರೊಬ್ಬರು ಬಟ್ಟೆಯ ಶೂ ಹಾಕಿ ಬಂದಿದ್ದರು.

"ಚೆನ್ನಾಗಿದೆ ಶೂ," ಅಂದರು ಡಾಕ್ಟರಮ್ಮ. "ಅಲ್ಲಿ ಮರದ ಕೆಳಗೆ ಕೂತ್ಕೊಳ್ಳೋಕೆ ಹೇಳಿ ಮಾಡಿಸಿದ ಹಾಗಿದೆ. ಇವತ್ತು ನೀವು ನೋಡಿ, ಮುಂದಿನ ವಾರ ಬೂಟು ಹಾಕ್ಕೊಂಡು ಓಡಿಸಿ."

ಮೀಸೆಯವರು ಮುಖ ಸಣ್ಣ ಮಾಡಿಕೊಂಡು ಮರದ ಕೆಳಗೆ ಹೋದರು. ಗಾಳಿಯಣ್ಣನಿಗೆ ಮೊದಲ ಸಲ ಡಾಕ್ಟರಮ್ಮನ ಮೇಲೆ ಚೂರು ಗೌರವ ಹುಟ್ಟಿತು.

ಮೊದಲ ಪಾಠಕ್ಕೆ ಆ ಗೌರವ ಹಾರಿಹೋಯಿತು. ಡಾಕ್ಟರಮ್ಮ ತಮ್ಮ ಬೈಕನ್ನು ನಿಧಾನವಾಗಿ ನೆಲಕ್ಕೆ ಮಲಗಿಸಿದರು!

"ದುಡ್ಡು ಕೊಟ್ಟು ಬೀಳೋದು ಕಲೀತಾರಾ?" ಎಂದ ಗಾಳಿಯಣ್ಣ ಮೀಸೆಯವರ ಕಿವಿಯಲ್ಲಿ.

"ಬೀಳೋದಲ್ಲ, ಎಬ್ಬಿಸೋದು," ಅಂದರು ಡಾಕ್ಟರಮ್ಮ. ಅವರ ಕಿವಿ ಚುರುಕು. "ಬೀಳೋ ಬೈಕನ್ನ ಹಿಡಿದು ನಿಲ್ಲಿಸೋಕೆ ಹೋಗ್ಬೇಡಿ. ಬಿಟ್ಟುಬಿಡಿ, ಪಕ್ಕಕ್ಕೆ ಸರೀರಿ. ಅದಕ್ಕೆ ಬಿಡಿಭಾಗ ಸಿಗತ್ತೆ, ನಿಮ್ಮ ಕಾಲಿಗೆ ಸಿಗಲ್ಲ. ಮೊದಲು ಎಂಜಿನ್ ಆಫ್. ಆಮೇಲೆ ಬೈಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್, ಒಂದು ಕೈ ಹಿಂದಿನ ಕಂಬಿ. ಸೊಂಟ ಬಗ್ಗಿಸಿ ಎಳೀಬೇಡಿ. ಕಾಲಿನ ಬಲದಲ್ಲಿ ಹಿಂದಕ್ಕೆ ನಡೀತಾ ಏಳಿ."

ಆಮೇಲೆ ಎಲ್ಲರೂ ಬೈಕುಗಳನ್ನು ಸಾಲಾಗಿ ನಿಲ್ಲಿಸಿ, ಓಡಿಸುವ ದಾರಿಯನ್ನು ಮೊದಲು ಕಾಲ್ನಡಿಗೆಯಲ್ಲಿ ನೋಡಿಬರಲು ಹೊರಟರು. ಎಲ್ಲಿ ಗುಂಡಿ, ಎಲ್ಲಿ ಕಲ್ಲು, ಎಲ್ಲಿ ಮರಳು ಶುರು ಅಂತ ಕಣ್ಣಾರೆ ನೋಡದೆ ಹತ್ತಬಾರದು ಅನ್ನುವುದು ಅಲ್ಲಿನ ನಿಯಮ.

ಗಾಳಿಯಣ್ಣ ಬೈಕುಗಳ ಹತ್ತಿರವೇ ಉಳಿದ. ಅಭ್ಯಾಸಬಲ. ಹೆಂಡತಿಯ ಬೈಕಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದ. ಮೆತ್ತಗಿತ್ತು! ಪಕ್ಕದ್ದನ್ನು ಒತ್ತಿದ. ಅದೂ ಮೆತ್ತಗೆ. ಎಲ್ಲವೂ ಮೆತ್ತಗೆ.

'ಬೂಟು ನೋಡ್ತಾರೆ, ಕೈಗವಸು ನೋಡ್ತಾರೆ, ಟೈರಿಗೆ ಗಾಳಿ ಇದೆಯಾ ಅಂತ ನೋಡೋರಿಲ್ಲ! ನಾನು ಬರದಿದ್ರೆ ಇವರ ಗತಿ ಏನು?' ಎಂದುಕೊಂಡ. ಗಾಳಿ ಯಂತ್ರ ಹಚ್ಚಿದ. ಒಂದೊಂದೇ ಟೈರಿಗೆ ಗಾಳಿ ತುಂಬಿದ. ಮಣ್ಣಿನ ದಾರಿಯಲ್ಲವೇ, ಎರಡು ಪಾಯಿಂಟ್ ಜಾಸ್ತಿಯೇ ಇರಲಿ ಎಂದು ಹೆಂಡತಿಯ ಟೈರಿಗೆ ಇನ್ನಷ್ಟು ಕೊಟ್ಟ. ಬಡಿದರೆ ಟಣ್ ಅನ್ನಬೇಕು, ಹಾಗೆ. ಮರದ ಕೆಳಗೆ ಮೀಸೆಯವರು ಮುಖದ ಮೇಲೆ ಟೋಪಿ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದರು.

ನಡೆದು ಬಂದವರು ಬೈಕ್ ಹತ್ತಿದರು. ಗಟ್ಟಿ ಮಣ್ಣಿನಲ್ಲೇ ಬೈಕುಗಳು ಜಾರತೊಡಗಿದವು. ಇಟ್ಟಿಗೆ ಚೂರಿನ ಮೇಲೆ ಚೆಂಡಿನ ಹಾಗೆ ಕುಪ್ಪಳಿಸಿದವು. ವ್ಯಾನಕ್ಕ ಮರಳಿಗೆ ಇಳಿದಳು. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ಹೊರಳಾಡಿ ಚಾಕುವಿನ ಹಾಗೆ ಮರಳಿಗೆ ನೆಟ್ಟುಕೊಂಡಿತು. ಬೈಕ್ ಒಂದು ಕಡೆ, ಅವಳು ಒಂದು ಕಡೆ.

ಅವಳು ಎದ್ದಳು, ಬೈಕ್ ಎಬ್ಬಿಸಿ ಮತ್ತೆ ಹತ್ತಿದಳು. ಮತ್ತೆ ಬಿದ್ದಳು. ಅವಳ ಹಿಂದೆ ಬಂದ ಇನ್ನಿಬ್ಬರೂ ಬಿದ್ದರು. ಮೂರನೆಯ ಸಲ ಬಿದ್ದು ಎದ್ದಾಗ ಅವಳು ಮತ್ತೆ ಹತ್ತಲಿಲ್ಲ. ಹೆಲ್ಮೆಟ್ ತೆಗೆದು, ಬೆವರಿಗೆ ಅಂಟಿದ ಕೂದಲು ಸರಿಸಿಕೊಳ್ಳುತ್ತಾ ಗಂಡನ ಹತ್ತಿರ ನಡೆದುಬಂದಳು. ಪೆಟ್ಟಾಗಿರಲಿಲ್ಲ. ಆದರೆ ಮುಖ ನೋಡುವ ಹಾಗಿರಲಿಲ್ಲ.

"ಆಯ್ತು ರೀ. ನೀವು ಹೇಳಿದ್ದೇ ಸರಿ. ನನ್ನ ಕೈಲಿ ಆಗಲ್ಲ. ಬೇಕರಿಯವರಿಗೆ ಫೋನ್ ಮಾಡಿ."

ಗಾಳಿಯಣ್ಣ ಗೆದ್ದಿದ್ದ. ತಿಂಗಳಿಂದ ಕಾಯುತ್ತಿದ್ದ ಮಾತು ಅವಳ ಬಾಯಿಂದಲೇ ಬಂದಿತ್ತು. ಜೇಬಿನಿಂದ ಫೋನ್ ತೆಗೆದ.

ಅಷ್ಟರಲ್ಲಿ ಡಾಕ್ಟರಮ್ಮ ಮರಳಲ್ಲಿ ಮಂಡಿಯೂರಿ ಟೈರ್ ಒತ್ತಿ ನೋಡಿದರು. ಹುಬ್ಬು ಗಂಟಾಯಿತು. ಇನ್ನೊಂದನ್ನು ಒತ್ತಿದರು.

"ಬೆಳಿಗ್ಗೆ ಬಂದ ತಕ್ಷಣ ಎಲ್ಲರ ಕೈಲೂ ಗಾಳಿ ಕಮ್ಮಿ ಮಾಡಿಸಿದ್ದೆ. ಇದನ್ನ ಹೀಗೆ ಕಲ್ಲು ಮಾಡಿದವರು ಯಾರು?"

ಯಾರೂ ನೋಡಿರಲಿಲ್ಲ. ಸುಮ್ಮನಿದ್ದಿದ್ದರೆ ಬೈಕ್ ಆ ಸಂಜೆಯೇ ಬೇಕರಿ ಸೇರುತ್ತಿತ್ತು. ಗಾಳಿಯಣ್ಣನಿಗೆ ರಾತ್ರಿ ನೆಮ್ಮದಿಯ ನಿದ್ದೆ ಬರುತ್ತಿತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಕೈಗವಸನ್ನು ತಲೆಕೆಳಗು ಮಾಡಿ ಅದರೊಳಗಿನ ಮರಳನ್ನು ಸುರಿಯುತ್ತಿದ್ದಳು. ಅವಳು ಬಿದ್ದಿದ್ದು ತನ್ನ ಗಾಳಿಯಿಂದಲೋ? ಹಾಗಾದರೆ ಸೋತವಳು ಅವಳಲ್ಲ.

"ನಾನೇ," ಅಂದ ಗಾಳಿಯಣ್ಣ. ಫೋನ್ ಮತ್ತೆ ಜೇಬಿಗೆ ಹೋಯಿತು. "ಮೆತ್ತಗಿತ್ತು. ನೀವು ಮರೆತಿದ್ದೀರಿ ಅಂದ್ಕೊಂಡೆ. ಬೀಳದೆ ಇರ್ಲಿ ಅಂತ..."

"ಬೇರೆಯವರ ಗಾಡಿ ಕೇಳದೆ ಮುಟ್ಟಬಾರದು ಅಣ್ಣ," ಅಂದರು ಡಾಕ್ಟರಮ್ಮ. ಆ ಮಾತಿನಲ್ಲಿ ನಗು ಇರಲಿಲ್ಲ. "ಜೋರಾಗಿ ಓಡಿಸ್ತಿದ್ದಿದ್ರೆ ಏನಾಗ್ತಿತ್ತು?"

ಗಾಳಿಯಣ್ಣ ತಲೆ ತಗ್ಗಿಸಿದ. ವ್ಯಾನಕ್ಕನೇ ಮಧ್ಯೆ ಬಂದಳು. "ನನ್ನ ತಪ್ಪೂ ಇದೆ. ಹತ್ತೋ ಮುಂಚೆ ಇನ್ನೊಂದು ಸಲ ಟೈರ್ ಒತ್ತಿ ನೋಡ್ಬೇಕಿತ್ತು. ವ್ಯಾನಿಗಾದ್ರೆ ದಿನಾ ನೋಡ್ತೀನಿ."

"ಆದ್ರೆ ಗಾಳಿ ಕಮ್ಮಿ ಯಾಕೆ?" ಗಾಳಿಯಣ್ಣನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. "ಇಷ್ಟು ವರ್ಷ ನಾನು ಎಲ್ಲರಿಗೂ ತುಂಬಿಸ್ಕೊಳ್ಳಿ ಅಂತಾನೇ ಹೇಳಿದ್ದು."

"ಮರಳಲ್ಲಿ ಎತ್ತರ ಹಿಮ್ಮಡಿ ಚಪ್ಪಲಿ ಹಾಕಿ ನಡೆದ್ರೆ ಏನಾಗತ್ತೆ?"

"ಹೂತು ಹೋಗತ್ತೆ."

"ಬರಿಗಾಲಲ್ಲಿ?"

ಗಾಳಿಯಣ್ಣ ಟೈರ್ ನೋಡಿದ, ಮರಳು ನೋಡಿದ. "ಪಾದ ಅಗಲ ಆಗ್ಬೇಕು!" ಅಂದ. "ಗಾಳಿ ಇಳಿಸಿದ್ರೆ ಟೈರು ಚಪ್ಪಟೆಯಾಗಿ ನೆಲ ಹಿಡ್ಕೊಳ್ಳತ್ತೆ."

"ಅದೇ. ಹಾಗಂತ ಪೂರ್ತಿ ಇಳಿಸೋ ಹಾಗಿಲ್ಲ. ಕಲ್ಲಿಗೆ ಬಡಿದು ರಿಮ್ ಬಗ್ಗತ್ತೆ. ಬೈಕ್ ಯಾವುದು, ಟೈರ್ ಎಂಥದು, ಭಾರ ಎಷ್ಟು, ನೆಲ ಹೇಗಿದೆ, ಅದರ ಮೇಲೆ ಹೋಗತ್ತೆ. ಗೊತ್ತಿದ್ದವರನ್ನ ಕೇಳ್ಬೇಕು, ಮೀಟರ್ ಹಿಡಿದು ನೋಡ್ಬೇಕು."

ಮೀಟರ್ ಅಂದರೆ ಗಾಳಿಯಣ್ಣನಿಗೆ ಕೈಬೆರಳಿದ್ದ ಹಾಗೆ. ಪ್ರತಿಯೊಬ್ಬರ ಹತ್ತಿರ ಹೋಗಿ, ಈ ಸಲ ಕೇಳಿ, ಡಾಕ್ಟರಮ್ಮ ಹೇಳಿದ ಅಳತೆಗೆ ಒಂದೊಂದೇ ಟೈರ್ ಇಳಿಸಿದ. ಸ್ಸ್... ಅಂದಾಗಲೆಲ್ಲ ಅವನ ಮುಖ ಹುಳ್ಳಗಾಗುತ್ತಿತ್ತು. ಅಡುಗೆಯವನಿಗೆ ಮಾಡಿದ ಅಡುಗೆ ಚೆಲ್ಲು ಅಂದ ಹಾಗೆ. ಕೊನೆಯದು ಹೆಂಡತಿಯ ಬೈಕ್. ಎರಡು ಸಲ ಅಳೆದ.

"ಇನ್ನೊಂದ್ಸಲ ಹೋಗು," ಅಂದ.

"ಬೇಕರಿಯವರು?"

"ಅವರು ಬ್ರೆಡ್ ಮಾರ್ಕೊಂಡಿರ್ಲಿ."

ವ್ಯಾನಕ್ಕ ನಕ್ಕುಬಿಟ್ಟಳು. ಹೆಲ್ಮೆಟ್ ಹಾಕಿದಳು, ಬಗ್ಗಿ ಎರಡೂ ಟೈರ್ ಒತ್ತಿ ನೋಡಿದಳು, ಹತ್ತಿದಳು.

"ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಿ!" ಡಾಕ್ಟರಮ್ಮ ಕೂಗಿದರು. "ಮೊಣಕಾಲಲ್ಲಿ ಟ್ಯಾಂಕ್ ಒತ್ತಿ! ಹ್ಯಾಂಡಲ್ ಕುತ್ತಿಗೆ ಹಿಸುಕಬೇಡಿ, ಸಡಿಲ ಹಿಡೀರಿ! ದೂರ ನೋಡಿ, ಮುಂದಿನ ಚಕ್ರ ಎಲ್ಲೂ ಓಡಿಹೋಗಲ್ಲ!"

ಬೈಕ್ ಮರಳಿಗೆ ಇಳಿಯಿತು. ಚಕ್ರ ಅಲ್ಲಾಡಿತು. ಗಾಳಿಯಣ್ಣ ಕಣ್ಣು ಮುಚ್ಚಿದ. ಎಂಜಿನ್ ಸದ್ದು ನಿಲ್ಲಲಿಲ್ಲ. ಕಣ್ಣು ಬಿಟ್ಟರೆ ಅವಳು ಮರಳಿನ ಮಧ್ಯದಲ್ಲಿ ನೆಟ್ಟಗೆ ನಿಂತು, ದೋಣಿಯಲ್ಲಿ ನಿಂತವಳ ಹಾಗೆ ತೂಗುತ್ತಾ ಹೋಗುತ್ತಿದ್ದಳು. ಆ ಕಡೆಯ ದಡ ಮುಟ್ಟಿದಳು! ಮುಟ್ಟಿ, ತಿರುಗಿಸುವಾಗ, ತುದಿಬೆರಳಿಗೆ ನೆಲ ಸಿಗದೆ ಮೆಲ್ಲಗೆ ಪಕ್ಕಕ್ಕೆ ಒರಗಿದಳು.

ಗಾಳಿಯಣ್ಣ ಓಡಿದ. ಮರಳಲ್ಲಿ ಓಡುವುದು ಎಷ್ಟು ಕಷ್ಟವೆಂದು ಅವನಿಗೆ ಆಗ ಗೊತ್ತಾಯಿತು. ಹತ್ತಿರ ಹೋಗುವಷ್ಟರಲ್ಲಿ ಅವಳು ಬೈಕನ್ನು ಬಿಟ್ಟು ಸರಿದಿದ್ದಳು. ಎಂಜಿನ್ ಆಫ್ ಮಾಡಿ ಬೈಕಿಗೆ ಬೆನ್ನು ಕೊಟ್ಟು ಕೂತಿದ್ದಳು.

"ಮುಟ್ಟಬೇಡಿ!" ಅಂದಳು.

ಚಾಚಿದ ಕೈ ಚಾಚಿದಂತೆಯೇ ಅವನು ನಿಂತ. ಅವಳು ಹಲ್ಲು ಕಚ್ಚಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯುತ್ತಾ, ಆ ಕುದುರೆಯಂಥ ಬೈಕನ್ನು ಎಬ್ಬಿಸಿ ನಿಲ್ಲಿಸಿದಳು. ಅವನು ಇಷ್ಟು ದಿನ ಹೆದರಿದ್ದು ಬೀಳುವುದಕ್ಕೆ. ಬಿದ್ದ ಮೇಲೆ ಏನಾಗುತ್ತದೆ ಅನ್ನುವುದನ್ನು ಒಮ್ಮೆಯೂ ಯೋಚಿಸಿರಲಿಲ್ಲ.

ಸಂಜೆ ಎಲ್ಲರೂ ಹೊರಟಾಗ, ಮಣ್ಣಿನ ದಾರಿ ಟಾರು ಸೇರುವ ಕಡೆ ಗೂಡ್ಸ್ ಆಟೋ ಅಡ್ಡ ನಿಂತಿತ್ತು.

"ಗಾಳಿ ತುಂಬಿಸ್ಕೊಳ್ಳದೆ ಒಬ್ಬರನ್ನೂ ಬಿಡಲ್ಲ!" ಗಾಳಿಯಣ್ಣನ ದನಿಗೆ ಈಗ ಕಳೆ ಬಂದಿತ್ತು. "ಮೆತ್ತಗಿನ ಟೈರಲ್ಲಿ ಟಾರ್ ಮೇಲೆ ಜೋರಾಗಿ ಹೋದ್ರೆ ಟೈರ್ ಕಾಯತ್ತೆ, ಗಾಡಿ ತೂರಾಡತ್ತೆ. ಏನ್ ಡಾಕ್ಟ್ರಮ್ಮ, ಸರಿನಾ?"

"ಇದಕ್ಕೆ ನೀವೇ ಮೇಷ್ಟ್ರು," ಅಂದರು ಡಾಕ್ಟರಮ್ಮ.

ಮನೆಯಲ್ಲಿ ತಾಯಿ ಬಾಗಿಲಲ್ಲೇ ಕಾದಿದ್ದಳು. "ಏನಾಯ್ತೋ? ಮಾರಿದ್ರಾ?"

"ಇಲ್ಲಮ್ಮ."

"ಬಿದ್ಲಾ?"

"ಬಿದ್ಲು."

"ಆಮೇಲೆ?"

"ಎದ್ಲು."

"ನಾನು ಹೇಳ್ಲಿಲ್ವಾ," ಅಂದಳು ತಾಯಿ. ಏನು ಹೇಳಿದ್ದಳೆಂದು ಯಾರೂ ಕೇಳಲಿಲ್ಲ.

ಭಾನುವಾರಗಳು ಕಳೆದವು, ರ‍್ಯಾಲಿ ಬಂತು. ಹೊಸಬರ ಪಟ್ಟಿಯಲ್ಲಿ ವ್ಯಾನಕ್ಕನ ಹೆಸರನ್ನು ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತಿತ್ತು. ಆದರೆ ಪಟ್ಟಿಯಲ್ಲಿ ಇದ್ದದ್ದು ದಾರಿ ಮುಗಿಸಿದವರ ಹೆಸರು ಮಾತ್ರ. ಅಂಗಡಿಯ 'ಇಲ್ಲಿ ಗಾಳಿ ಹಾಕಲಾಗುತ್ತದೆ' ಎಂಬ ಫಲಕದ ಕೆಳಗೆ ಈಗ ಹೊಸ ಬಣ್ಣದ ಒಂದು ಸಾಲಿದೆ: 'ಇಳಿಸಲೂಲಾಗುತ್ತದೆ. ನಿಮ್ಮನ್ನು ಕೇಳಿದ ಮೇಲೆ.' ಬರೆದದ್ದು ಗಾಳಿಯಣ್ಣನೇ. ಒಂದು 'ಲೂ' ಹೆಚ್ಚಾಗಿದೆ ಎಂದು ಶಾಲೆಯ ಮಕ್ಕಳು ತೋರಿಸಿಕೊಟ್ಟರು. ಅದೊಂದು ಇಳಿಸಲು ಆಗಿಲ್ಲ.

ಓದುವವರೇ, ಎಲ್ಲರೂ ದೊಡ್ಡ ಬೈಕ್ ಹತ್ತಲೇಬೇಕು ಎಂದು ಈ ಕಥೆ ಹೇಳುತ್ತಿಲ್ಲ. ಆದರೆ ನಿಮಗೋ ನಿಮ್ಮ ಮನೆಯವರಿಗೋ ಆ ಆಸೆ ಇದ್ದರೆ, ಮೊದಲು ಕಲಿಸುವವರನ್ನು ಹುಡುಕಿ. ಬೈಕಿಗೆ ಬಣ್ಣ ಹಚ್ಚಿಸುವ ಮೊದಲು ಹೆಲ್ಮೆಟ್, ಬೂಟು, ಗಾರ್ಡ್ ಕೊಳ್ಳಿ. ಹೊಸ ದಾರಿಗೆ ಒಬ್ಬರೇ ಹೋಗಬೇಡಿ. ಕಷ್ಟ ಅನ್ನಿಸಿದ ಕಡೆಯಿಂದ ಹಿಂತಿರುಗಲು ನಾಚಬೇಡಿ, ಆ ದಾರಿ ಮುಂದಿನ ವಾರವೂ ಅಲ್ಲೇ ಇರುತ್ತದೆ. ಮನೆಯಲ್ಲಿ ಹೆದರುವವರಿದ್ದರೆ ಅವರೊಡನೆ ವಾದ ಮಾಡಬೇಡಿ, ಪಾಠಕ್ಕೆ ಜತೆಗೆ ಕರೆದೊಯ್ಯಿರಿ.

ಹತ್ತುವ ಮೊದಲು ಮಾತ್ರ ಟೈರನ್ನು ಇನ್ನೊಮ್ಮೆ ಒತ್ತಿ ನೋಡಿ. ನಿಮ್ಮ ಮೇಲೆ ತುಂಬಾ ಪ್ರೀತಿ ಇರುವವರು ಯಾರಾದರೂ ಅದಕ್ಕೆ ಗಾಳಿ ತುಂಬಿರಬಹುದು.