ಥ್ಯಾಂಕ್ಸ್ ಹೇಳಲು ಎರಡು ನಿಮಿಷ

ಹನ್ನೊಂದಕ್ಕೆ ಶುರುವಾಗಬೇಕಿದ್ದ ಕಾರ್ಯಕ್ರಮ ಹನ್ನೆರಡೂಕಾಲಕ್ಕೆ ಶುರುವಾಯಿತು. ಅಮೃತಹಳ್ಳಿಯ ನಮ್ಮ ಓದುಗರ ಕೂಟಕ್ಕೆ ಕ್ಯೂಬಾದಿಂದ ಯಾನೆಲಿಸ್ ಬಂದಿದ್ದಳು. ಹವಾನಾದಲ್ಲಿ ಹಗಲು ಕರಡು ತಿದ್ದುವ ಕೆಲಸ, ಕರೆಂಟ್ ಇದ್ದಷ್ಟು ಹೊತ್ತು ಸ್ವಂತ ಬರವಣಿಗೆ. ಹಾಗೇ ಎರಡು ಕಾದಂಬರಿ, ಮೂರು ಕವನ ಸಂಕಲನ ಮುಗಿಸಿದ್ದಾಳೆ. ಅವಳ ಹತ್ತು ಪದ್ಯಗಳನ್ನು ಸ್ಪ್ಯಾನಿಷ್‌ನಿಂದ ಕನ್ನಡಕ್ಕೆ ತರಲು ನನಗೆ ಎರಡು ವರ್ಷ ಹಿಡಿದಿತ್ತು. ಇವತ್ತು ಅವಳು ಓದಬೇಕು, ನಾನು ಕನ್ನಡದಲ್ಲಿ ಹೇಳಬೇಕು. ನನಗಿದ್ದದ್ದು ಅದೊಂದೇ ಆಸೆ.

ನಮ್ಮಲ್ಲಿ ಸನ್ಮಾನ ಮಾಡದೆ ಯಾರನ್ನಾದರೂ ಬಿಡುವುದುಂಟೇ? ಅವಳಿಗೆ ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಆಮೇಲೆ ಹಾಲ್ ಕೊಟ್ಟವರಿಗೆ, ಮೈಕ್ ಕೊಟ್ಟವರಿಗೆ, ಊಟ ಹಾಕಿಸಿದವರಿಗೆ. ಅಧ್ಯಕ್ಷ ಮುನಿಶಾಮಪ್ಪ, ತಮ್ಮ ಹೊಲದಲ್ಲೇ ಅಪಾರ್ಟ್‌ಮೆಂಟ್ ಎಬ್ಬಿಸಿದವರು, ಅರ್ಧ ಗಂಟೆ ಮಾತಾಡಿದರು. ಕ್ಯೂಬಾ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬಂತು. ಪೇಟ ಹುಬ್ಬಿನ ತನಕ ಜಾರಿದ್ದ ಯಾನೆಲಿಸ್, ಏನು ಹೇಳುತ್ತಿದ್ದಾರೆ ಎಂದು ಮೆಲ್ಲಗೆ ಕೇಳಿದಳು. ನಿನ್ನನ್ನು ಹೊಗಳುತ್ತಿದ್ದಾರೆ ಎಂದೆ. ಇನ್ನೇನು ಹೇಳಲಿ?

ಒಂದೂವರೆಗೆ ಊಟ. ಒಂದೂ ಇಪ್ಪತ್ತಕ್ಕೆ ಮುನಿಶಾಮಪ್ಪ ನನ್ನ ಕೈಗೆ ಮೈಕ್ ಕೊಟ್ಟರು. "ಟೈಮ್ ಆಗೋಯ್ತು ಮಾಲಾ ಮೇಡಂ. ಎರಡು ನಿಮಿಷದಲ್ಲಿ ಥ್ಯಾಂಕ್ಸ್ ಹೇಳಿಸ್ಬಿಡಿ. ಪದ್ಯ ಬೇಡ."

ಯಾನೆಲಿಸ್ ನಾಲ್ಕೇ ಪದಗಳಲ್ಲಿ ವಂದನೆ ಹೇಳಿ ಮುಗಿಸಿದಳು. ನನಗೆ ಮೈಯೆಲ್ಲ ಉರಿಯಿತು. ಅವಳು ಹೇಳಿದ್ದು ಇದೇ ಎಂಬಂತೆ ಅವಳ ಪದ್ಯವನ್ನೇ ಕನ್ನಡದಲ್ಲಿ ಹೇಳತೊಡಗಿದೆ. ಅವಳ ಊರಿನಲ್ಲಿ ಬ್ರೆಡ್ ಅಂಗಡಿಗೆ ಬಂದವರು, ಕೊನೆಯವರು ಯಾರು ಎಂದು ಕೇಳಿಕೊಂಡು ಅವರ ಹಿಂದೆ ನಿಲ್ಲುತ್ತಾರೆ. ಬೆಳಗ್ಗೆ ಐದಕ್ಕೆ ಹಾಗೆ ಕೇಳಿ ನಿಂತ ಅವಳ ತಾಯಿ ನಡು ಮಧ್ಯಾಹ್ನದಲ್ಲೂ ನಿಂತೇ ಇದ್ದಾಳೆ. ಅರ್ಧ ಪದ್ಯ ಆಗಿತ್ತಷ್ಟೆ, ಮುನಿಶಾಮಪ್ಪ ಎದ್ದು ಬಂದು ಮೈಕ್‌ಗೆ ಕೈ ಹಾಕಿದರು.

ಮುಂದಿನ ಸಾಲಿನಲ್ಲಿದ್ದ ಅವರ ತಾಯಿ ಲಕ್ಕಮ್ಮ ಕೂತಲ್ಲಿಂದಲೇ ಕೇಳಿದರು. "ಅವ್ರಮ್ಮಂಗೆ ಬ್ರೆಡ್ ಸಿಕ್ತಾ?"

ಯಾನೆಲಿಸ್‌ಗೆ ನನ್ನ ಕಳ್ಳಾಟ ಒಪ್ಪಿಕೊಂಡು ಪ್ರಶ್ನೆಯನ್ನು ತಿಳಿಸಿದೆ. ಅವಳು ಪೇಟ ತೆಗೆದು ಮೇಜಿನ ಮೇಲಿಟ್ಟಳು. ಅದು ಉಳಿದರ್ಧದಲ್ಲಿದೆ, ಹೊತ್ತು ಹಿಡಿಯುತ್ತದೆ ಎಂದಳು. ನಾನು ಅದನ್ನು ಹಾಗೆಯೇ ಕನ್ನಡದಲ್ಲಿ ಹೇಳಿದೆ.

"ಕೈ ತೆಗ್ಯೋ," ಎಂದರು ಲಕ್ಕಮ್ಮ ಮಗನಿಗೆ. "ಸೀಮೆಣ್ಣೆಗೆ ಸೊಸೈಟಿ ಮುಂದೆ ನಾನೂ ಇಂಗೇ ನಿಂತಿದ್ದೆ. ನೀನು ನನ್ನ ಸೊಂಟದ ಮೇಲಿದ್ದೆ. ಆಯಮ್ಮ ಹೇಳ್ಲಿ."

ಮುನಿಶಾಮಪ್ಪ ಮೈಕ್ ಬಿಟ್ಟು ತಾಯಿಯ ಪಕ್ಕ ಹೋಗಿ ಕೂತರು.