ಬೆಂಚ್ ಮಾಡಿದ ಹುಡುಗಿ

ಗಡಹಿಂಗ್ಲಜದ ಫುಟ್‌ಬಾಲ್ ಹುಡುಗಿಯರ ಬಾಯಲ್ಲಿ ಬೆಂಚ್ ಅಂದರೆ ಕೂಡುವ ಹಲಗೆಯಲ್ಲ, ಒಂದು ಶಿಕ್ಷೆ. ಅಂಗಿ ತೊಡಿಸಿ, ಬೂಟು ಕಟ್ಟಿಸಿ, ಆಟಕ್ಕೆ ಬಿಡದೆ ಗೆರೆಯಾಚೆ ಕೂರಿಸುವುದು. "ಆಕೀನ್ನ ಬೆಂಚ್ ಮಾಡ್ಯಾರ" ಅಂತ ಒಬ್ಬಳು ಪಿಸುಗುಟ್ಟಿದರೆ ಸಾಕು, ಉಳಿದವರು ಅವಳ ಮುಖ ನೋಡುವುದನ್ನೇ ಬಿಡುತ್ತಾರೆ. ತರಬೇತುದಾರ ಕೇತನ ಸರ್ ಮಾತ್ರ ಆ ಪದ ಆಡುವವರಲ್ಲ. ಅವರ ಪ್ರಕಾರ ಅದು 'ವಿಶ್ರಾಂತಿ'. ಎಂಥ ಮರ್ಯಾದಸ್ಥ ಮಾತು!

ನೂಲ ಎಂಬ ಹಳ್ಳಿಯ ಕುರಿಗಾರರ ಮಗಳು ಸಾರಿಕಾಳಿಗೆ ಮೂರು ಪಂದ್ಯದಿಂದ ಈ ವಿಶ್ರಾಂತಿ ನಡೆದಿತ್ತು. ಮಾಡಿದ ತಪ್ಪು ಇಷ್ಟೇ. ಇಚಲಕರಂಜಿಯಲ್ಲಿ ಅವಳೊಂದು ಗೋಲು ಹೊಡೆದಳು. ಅದಕ್ಕೂ ಮುಂಚೆ ಚೆಂಡು ಕೈಗೆ ತಾಗಿತ್ತೇ ಅಂತ ರೆಫರಿ ಕೇಳಿದಾಗ, "ಹೌದ್ರಿ, ತಾಗೇತಿ" ಅಂದುಬಿಟ್ಟಳು. ಗೋಲೂ ಹೋಯಿತು, ಪಂದ್ಯವೂ ಹೋಯಿತು. ತಪ್ಪಾಯಿತು ಅನ್ನುವವರೆಗೆ ಅವಳನ್ನು ಆಡಿಸುವುದಿಲ್ಲವೆಂದು ಸರ್ ಹಟ ಹಿಡಿದರು.

ಇಂದು ಕೊಲ್ಲಾಪುರದಲ್ಲಿ ಕೊನೆಯ ಪಂದ್ಯ. ಜಿಲ್ಲಾ ತಂಡಕ್ಕೆ ಹುಡುಗಿಯರನ್ನು ಆರಿಸಲು ನೂತನ ಮೇಡಮ್ ಬಂದು ಕೂತಿದ್ದರು. ಸಾರಿಕಾಳ ವಯಸ್ಸಿನ ಮಿತಿ ಈ ವರ್ಷಕ್ಕೇ ಮುಗಿಯುತ್ತದೆ. ಇಂದು ಅವರ ಕಣ್ಣಿಗೆ ಬೀಳದಿದ್ದರೆ ಆ ಆಸೆ ಬಿಟ್ಟಂತೆಯೇ. ಒಳಗೊಳಗೇ ಕುದಿಯುತ್ತಿದ್ದ ಹುಡುಗಿ ಕುರ್ಚಿ ಕೊಟ್ಟರೂ ಕೂಡದೆ ಗೆರೆಯ ಪಕ್ಕ ನಿಂತೇ ಇದ್ದಳು.

ಇಪ್ಪತ್ತು ನಿಮಿಷ ಉಳಿದಿರುವಾಗ ಆಡುತ್ತಿದ್ದ ಮಂಗಲಳ ಕಾಲು ಉಳುಕಿತು. ಬದಲಿಗೆ ಉಳಿದವಳು ಸಾರಿಕಾ ಒಬ್ಬಳೇ. ಸರ್ ಹತ್ತಿರ ಬಂದು ದನಿ ತಗ್ಗಿಸಿದರು.

"ತಪ್ಪಾತು ಅನ್ನು, ಒಳಗ ಹೋಗು. ಯಾರಿಗೂ ಕೇಳಸಾಂಗಿಲ್ಲ."

"ತಪ್ಪು ಮಾಡಿಲ್ರಿ ಸರ್. ಹೆಂಗ ಅನ್ಲಿ?"

"ಹತ್ತು ಮಂದೀನ್ನ ಆಡಸ್ತೀನಿ, ನೋಡ!"

"ಆಡಸ್ರಿ."

ಆಡಿಸಿಯೇ ಬಿಟ್ಟರು ಪುಣ್ಯಾತ್ಮರು! ತಂಡ ಎರಡು ಗೋಲಿನಿಂದ ಸೋತಿತು.

ಕೊನೆಯ ಸೀಟಿ ಊದಿದ್ದೇ ತಡ, ಸಾರಿಕಾ ಚೆಂಡನ್ನು ಬಗಲಲ್ಲಿ ಇರುಕಿಕೊಂಡು ಮೇಡಮ್ಮರ ಮೇಜಿನತ್ತ ನಡೆದಳು. "ಏ ಸಾರಿಕಾ, ನಿಂದರು!" ಎಂದು ಸರ್ ಹಿಂದಿನಿಂದ ಕೂಗಿದರು. ಅವಳು ತಿರುಗಲಿಲ್ಲ.

"ಮೇಡಮ್, ನನ್ನ ಬೆಂಚ್ ಮಾಡಿದ್ರು. ಚೆಂಡು ಕೈಗೆ ತಾಗೇತಿ ಅಂತ ಖರೇ ಹೇಳಿದ್ದಕ್ಕ. ನನ್ನ ಆಟ ನೀವು ನೋಡೇ ಇಲ್ಲ."

ಆಯ್ಕೆಯ ಹಾಳೆ ಮಡಿಚುತ್ತಿದ್ದ ನೂತನ ಮೇಡಮ್ ಒಮ್ಮೆ ಸರ್ ಕಡೆ ನೋಡಿದರು, ಒಮ್ಮೆ ಅವಳ ಕಡೆ. "ಪಂದ್ಯ ಮುಗದೈತಲ್ಲವಾ."

"ಅವರದು ಮುಗದೈತ್ರಿ. ನಂದು ಇನ್ನೂ ಸುರುನ ಆಗಿಲ್ಲ." ಸಾರಿಕಾ ಚೆಂಡನ್ನು ನೆಲಕ್ಕೆ ಹಾಕಿ ಅದರ ಮೇಲೆ ಕಾಲಿಟ್ಟಳು.

ಮೇಡಮ್ ಹಾಳೆ ಬಿಚ್ಚಿ ಪೂರ್ತಿ ಹೆಸರು ಕೇಳಿದರು. ಸಾರಿಕಾ ಇಡೀ ಮೈದಾನಕ್ಕೆ ಕೇಳುವಂತೆ ಹೇಳಿದಳು.